ಉಳಿದ ಆರು ನಿಮಿಷ

ಗುರುವಾರ ರಾತ್ರಿ ಏಳು ಐವತ್ತಕ್ಕೆ, ಮೂರು ಸಾವಿರ ಪ್ರಯಾಣಿಕರನ್ನು ಹೊತ್ತು ಕೆರಿಬಿಯನ್ ಸಮುದ್ರದಲ್ಲಿ ಸಾಗುತ್ತಿದ್ದ ಹಡಗಿನಲ್ಲಿ ಒಂದು ಘೋರ ಅನಾಹುತ ಬೆಳಕಿಗೆ ಬಂತು. ಹಡಗು ಬಂಡೆಗೆ ಬಡಿಯಲಿಲ್ಲ, ಬೆಂಕಿ ಬೀಳಲಿಲ್ಲ. ಅಡುಗೆಯ ಮೆಲ್ಚೋರ್ ಸಂಜೆ ಹೆಂಡತಿಯೊಡನೆ ಮಾತಾಡಿದ ಮೇಲೆ ಫೋನಿನಲ್ಲಿ ‘ಮುಗಿಸು’ ಎಂಬ ಗುಂಡಿ ಒತ್ತಲು ಮರೆತಿದ್ದ.

ಹಡಗಿನ ಕೆಲಸಗಾರರಿಗೆ ಇಂಟರ್ನೆಟ್ಟು ಸಿಗುವುದು ನಿಮಿಷದ ಲೆಕ್ಕದಲ್ಲಿ. ಊರಿಗೆ ಅಗ್ಗವಾಗಿ ಮಾತಾಡಬೇಕೆಂದರೆ ಇಬ್ಬರು ಸೇರಿ ದೊಡ್ಡ ಕಾರ್ಡು ಕೊಂಡು ಹಂಚಿಕೊಳ್ಳಬೇಕು. ಮಾತು ನಿಲ್ಲಿಸಿದರೆ ಸಾಲದು. ‘ಮುಗಿಸು’ ಒತ್ತದಿದ್ದರೆ ನಿಮಿಷಗಳು ಜೇಬಿನಲ್ಲಿ ಕೂತೇ ಸೋರಿಹೋಗುತ್ತವೆ. ಮೆಲ್ಚೋರ್ ಫೋನನ್ನು ಜೇಬಿಗಿಳಿಸಿ ಎರಡು ಮೂಟೆ ಆಲೂಗಡ್ಡೆ ಹೆರೆದಿದ್ದ. ಕಾರ್ಡಿನಲ್ಲಿ ಉಳಿದದ್ದು ಆರು ನಿಮಿಷ.

“ಬರೀ ಆರಾ ಅಣ್ಣಾ?” ಎಂದ ಕ್ರಿಸಾಂತೊ. ಮೆಲ್ಚೋರ್‌ನ ಜೊತೆ ಒಂದೇ ಕೋಣೆಯಲ್ಲಿರುವ, ಆ ಕಾರ್ಡಿಗೆ ಅರ್ಧ ದುಡ್ಡು ಹಾಕಿದ್ದ ಇವನು ಊಟದ ಸಾಲೆಯ ಮಾಣಿ. ಮೊದಲ ಪಂಕ್ತಿ ಎದ್ದು ಎರಡನೆಯದು ಕೂರುವುದರೊಳಗೆ ಅವನಿಗೆ ಸಿಗುವ ಬಿಡುವು ಕಾಲು ಗಂಟೆ.

“ಹಂದಿ ಮರಿ ಹಾಕಿದೆ ಅಂದ್ಲು ಕಣೋ. ಹನ್ನೊಂದು! ಖುಷೀಲಿ ಮರ್ತೇಬಿಟ್ಟೆ.”

“ನಿಮ್ಮ ಹನ್ನೊಂದಕ್ಕೂ ಹೆಸ್ರಿಡೋ ಗೋಳಿಲ್ಲ. ನಂದು ಒಂದೇ, ಅದಕ್ಕೆ ಇವತ್ತೇ ಕಡೇ ದಿನ.” ವಯಸ್ಸಿನಲ್ಲಿ ಹಿರಿಯನಾದ ಮೆಲ್ಚೋರ್‌ಗೆ ಅವನು ಬೈಯಬಹುದಾಗಿದ್ದು ಅಷ್ಟೇ.

ಕ್ರಿಸಾಂತೊನ ಮಗಳು ಹುಟ್ಟಿ ಮೂವತ್ತು ದಿನವಾಗಿತ್ತು, ಹೆಸರು ಬರೆಸಲು ಕಾನೂನು ಕೊಡುವ ಗಡುವೂ ಅಷ್ಟೇ. ಫಿಲಿಪೀನ್ಸಿನ ಇಲೊಯಿಲೊ ಕಡೆಯ ಅವನ ಊರಿನಲ್ಲಿ ಆಗ ಶುಕ್ರವಾರ ಬೆಳಿಗ್ಗೆ ಏಳು ಐವತ್ತು. ಗಡಿಯಾರದ ಮುಳ್ಳು ಎರಡೂ ಕಡೆ ಒಂದೇ, ಹಗಲು ರಾತ್ರಿ ಮಾತ್ರ ಅದಲುಬದಲು. ಎಂಟಕ್ಕೆ ಪುರಸಭೆಯ ಕಚೇರಿ ತೆರೆದೊಡನೆ ಹೆಸರು ಬರೆಸಬೇಕು. ಮಗಳು ಹುಟ್ಟಿದ ದಿನ ಹಡಗು ಸೇಂಟ್ ಲೂಸಿಯಾ ದ್ವೀಪದಲ್ಲಿ ನಿಂತಿತ್ತು. ಲೂಸಿಯಾ ಎಂದು ಅವನು ಅವತ್ತೇ ನಿಶ್ಚಯಿಸಿದ್ದ. ಮಗುವಿನ ಮುಖ ನೋಡಲು ಇನ್ನೂ ಏಳು ತಿಂಗಳಿತ್ತು. ಹಾಲುಪುಡಿಗೆ ಯಾರು ಬೇಕಾದರೂ ದುಡ್ಡು ಕೊಟ್ಟಾರು, ಹೆಸರಾದರೂ ಅಪ್ಪ ಕೊಟ್ಟದ್ದಾಗಲಿ ಎಂದು ಅವನ ಆಸೆ.

ತೊಡಕು ಅವನ ತಾಯಿ ಬೊನಿಫಾಸಿಯಾ. ಮೊಮ್ಮಗಳಿಗೆ ತನ್ನ ಹೆಸರೇ ಆಗಬೇಕೆಂದು ಪಟ್ಟು ಹಿಡಿದಿದ್ದಳು. ಅವನ ಅಣ್ಣನ ಗಂಡುಮಕ್ಕಳಿಬ್ಬರು ಈಗಾಗಲೇ ಬೊನಿಫಾಸಿಯೊ ಮತ್ತು ಬೋನಿ. “ಬೇಡ ಅಂತ ನಿಮ್ಮಮ್ಮಂಗೆ ನೀವೇ ಹೇಳಿ. ಸೊಸೆ ಬಾಯಲ್ಲಿ ಆ ಮಾತು ಬಂದ್ರೆ ನಾನೀ ಮನೇಲಿ ಬಾಳೋ ಹಾಗಿಲ್ಲ” ಎಂದಿದ್ದಳು ಹೆಂಡತಿ ನೆರಿಸ್ಸಾ. ಹಿರಿಯರಿಗೆ ಇಲ್ಲವೆನ್ನುವುದನ್ನು ಬರೆದು ಕಳಿಸುವಂತೆಯೂ ಇಲ್ಲ, ಬಾಯಲ್ಲೇ ಹೇಳಬೇಕು. ಕ್ರಿಸಾಂತೊ ಇಪ್ಪತ್ತೊಂಬತ್ತು ದಿನ ಧೈರ್ಯ ಕೂಡಿಸಿಕೊಳ್ಳುವುದರಲ್ಲೇ ಕಳೆದಿದ್ದ.

ಬಟ್ಟೆ ಒಗೆಯುವ ಯಂತ್ರಗಳು ಗುಡುಗುವ ಕೋಣೆಯ ಪಕ್ಕ, ಮೆಟ್ಟಿಲ ಮೇಲೆ ಕೂತು ಕರೆ ಮಾಡಿದ. ಮುಖ ಕಾಣಿಸುವಷ್ಟು ತ್ರಾಣ ಆ ಇಂಟರ್ನೆಟ್ಟಿಗಿಲ್ಲ, ದನಿ ಮಾತ್ರ.

“ಎಲ್ರೂ ಕಚೇರಿ ಬಾಗಿಲಲ್ಲೇ ಕೂತಿದೀವಿ” ಎಂದಳು ನೆರಿಸ್ಸಾ.

“ಅಮ್ಮಂಗೆ ಕೊಡು, ಬೇಗ.”

ಕೊಟ್ಟಳು. ಆದರೆ ಆ ಮನೆತನದಲ್ಲಿ ಫೋನು ಸಾಗುವುದು ಹಿರಿತನದ ಕ್ರಮದಲ್ಲಿ. ಮೊದಲು ದೊಡ್ಡಜ್ಜಿಯ ಕೈಗೆ ಹೋಯಿತು.

“ಊಟ ಆಯ್ತೇನೋ ಮಗಾ?”

“ಆಯ್ತು ಅಜ್ಜಿ.”

“ಏನು ಊಟ?”

“ಅನ್ನ, ಮೀನು.”

“ಒಣಮೀನೋ ಹಸೀದೋ?”

ಆಮೇಲೆ ದೊಡ್ಡಪ್ಪ. “ಅಲ್ಲಿ ಬಿಸಿಲು ಹೇಗೆ?”

“ಇಲ್ಲೀಗ ರಾತ್ರಿ ದೊಡ್ಡಪ್ಪಾ.”

“ರಾತ್ರೀನಾ! ಮತ್ತೆ ಮಲಗೋದು ಬಿಟ್ಟು ಇದೇನೋ ಮಾತು?”

ಎದುರಿಗೆ ಕುಕ್ಕರುಗಾಲಲ್ಲಿ ಕೂತಿದ್ದ ಮೆಲ್ಚೋರ್, ತಪ್ಪು ಮಾಡಿದವನ ಮುತುವರ್ಜಿಯಿಂದ, ಆರು ಬೆರಳು ಎತ್ತಿ ಹಿಡಿದು ಕಳೆದ ನಿಮಿಷಕ್ಕೊಂದರಂತೆ ಮಡಚುತ್ತಿದ್ದ. ಎರಡು ಬೆರಳು ಉಳಿದಾಗ ತಾಯಿ ಬಂದಳು.

“ಅದೇನೋ ಹೇಳ್ಬೇಕು ಅಂತಿದ್ಯಂತೆ. ಹೇಳಪ್ಪಾ.”

“ಅಮ್ಮಾ, ಹೆಸ್ರಿನ ವಿಚಾರ...”

“ತಡಿ ತಡಿ, ಕೂಸು ಎದ್ದಿದೆ. ನೀನು ಫೋನು ಮಾಡ್ದಾಗೆಲ್ಲ ಮಲಗಿರುತ್ತೆ, ಇನ್ನೂ ಅದರ ದನೀನೇ ಕೇಳಿಲ್ವಲ್ಲೋ ನೀನು! ಮೊದ್ಲು ಕೇಳು.”

ಬಟ್ಟೆ ಸರಿದ ಸದ್ದು. ಆಮೇಲೆ, ಮೂಗು ಕಟ್ಟಿದ ಸಣ್ಣ ಉಸಿರು. ಒಂದು ಬಿಕ್ಕಳಿಕೆ. ಕ್ರಿಸಾಂತೊ ಇನ್ನೊಂದು ಕಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿದ. ಯಾರನ್ನೂ ಉದ್ದೇಶಿಸದ, ಯಾವ ಮಾತೂ ಅಲ್ಲದ ಒಂದು ‘ಊಂ’ ಕೇಳಿಸಿತು. ಅಷ್ಟರಲ್ಲಿ ಮತ್ತೆ ತಾಯಿಯ ದನಿ.

“ಕೇಳಿಸ್ತಾ?”

“ಹ್ಞೂಂ.”

“ಬಾಗಿಲು ತೆಗೀತಿದಾರೆ ಕಣೋ. ಅದೇನು ಹೇಳ್ಬೇಕು, ಈಗ ಹೇಳು.”

ಮೆಲ್ಚೋರ್ ಕಡೆಯ ಬೆರಳನ್ನು ಅರ್ಧ ಮಡಚಿ ಹಿಡಿದು, ಹೇಳೋ, ಹೇಳೋ ಎಂದು ತುಟಿಯಾಡಿಸಿದ.

“ಅಮ್ಮಾ,” ಎಂದ ಕ್ರಿಸಾಂತೊ, “ಇನ್ನೊಂದ್ಸಲ ಅದರ ಹತ್ರ ಹಿಡಿ.”

ಹಿಡಿದಳು. ಕಾರ್ಡು ಮುಗಿಯುವವರೆಗೂ ಅವನು ಕೇಳಿದ. ಆಮೇಲೆ ಎದ್ದುಹೋಗಿ ಎರಡನೆಯ ಪಂಕ್ತಿಗೆ ನೀರು ಹಾಕಿದ.

ಆ ಊರಿನ ಪುರಸಭೆಯ ಜನನ ಪುಸ್ತಕದಲ್ಲಿ, ಆ ಶುಕ್ರವಾರದ ಮೊದಲ ಸಾಲಿನಲ್ಲಿ, ಮಗುವಿನ ಹೆಸರು ಬೊನಿಫಾಸಿಯಾ ಎಂದಿದೆ.