ಹತ್ತು ವೋಲ್ಟಿನ ಮೌನ

ಹೊಸ ರೇಡಿಯೋ ಅಡುಗೆಮನೆಯ ಕಪಾಟಿನ ಮೇಲೆ ಕೂತು ವಾರವಾದರೂ ಅಮ್ಮ ಅದರ ಕಿವಿ ಹಿಂಡಿರಲಿಲ್ಲ. ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಮಗಳು ಕೇಳಿಯೇಬಿಟ್ಟಳು, ಇದಕ್ಕೇನಾಗಿದೆ ಎಂದು.

"ಇದಕ್ಕೇನೂ ಆಗಿಲ್ಲ. ನನ್ನ ಹಳೇದು ಎಲ್ಲೇ?"

"ನಮ್ಮ ಲ್ಯಾಬಿನಲ್ಲಿ ಬಿಚ್ಚಿಹಾಕಿದಾರೆ. ಅದು ಮಧ್ಯೆ ಮಧ್ಯೆ ಗುರ್ ಅಂತಿತ್ತಲ್ಲಮ್ಮ. ಇದು ನೋಡು, ಕಮಕ್ ಕಿಮಕ್ ಅನ್ನಲ್ಲ."

ಆ ಸದ್ದಿನ ಮೇಲೆ ಮಗಳಿಗೆ ಹಟವಿತ್ತು. ಹೊರಗಿನ ರೇಡಿಯೋ ಅಲೆ ಎಷ್ಟು ಜೋರಾಗಿ ಬಡಿದರೂ ಮನೆಯ ಯಂತ್ರಗಳು ಜಗ್ಗಬಾರದು. ಆ 'ಎಷ್ಟು' ಎಂಬುದನ್ನು ಗೊತ್ತುಮಾಡುವ ಸಮಿತಿಯಲ್ಲಿ ಅವಳಿದ್ದಳು. ಯಂತ್ರ ತಾಳಬೇಕಾದ ಅಲೆಯ ಬಲಕ್ಕೆ ಹಳೆಯ ಮಿತಿ, ಒಂದು ಮೀಟರ್ ಉದ್ದಕ್ಕೆ ಮೂರು ವೋಲ್ಟ್. ಅಮ್ಮನ ರೇಡಿಯೋವನ್ನೇ ಪರೀಕ್ಷೆಯ ಕೋಣೆಯಲ್ಲಿಟ್ಟು, ಮೂರು ದಾಟುತ್ತಲೇ ಅದು ಗುರುಗುಟ್ಟುವುದನ್ನು ಎಲ್ಲರಿಗೂ ಕೇಳಿಸಿ, ಮಿತಿಯನ್ನು ಹತ್ತಕ್ಕೇರಿಸಿದ್ದಳು. ಹತ್ತನ್ನು ತಾಳಿಕೊಂಡ ಮೊದಲ ರೇಡಿಯೋ ಅಮ್ಮನಿಗೇ ಇರಲೆಂದು ತಂದಿದ್ದಳು.

ಅಮ್ಮ ಅನ್ನ ಕಲಸುತ್ತ ಕೂತಳು. ತಿನ್ನಲಿಲ್ಲ.

"ನಿನ್ನ ತಮ್ಮ ಡ್ಯೂಟಿ ಮುಗಿಸಿ ಇದೇ ಬೀದೀಲಿ ಹೋಗ್ತಾನೆ ಕಣೆ, ದಿನಾ ಈ ಹೊತ್ತಿಗೆ. ಮನೆ ಮುಂದೆ ಬಂದಾಗ ಗಾಡೀಲಿರೋ ವೈರ್‌ಲೆಸ್ ಗುಂಡಿ ಒತ್ತಿ ಬಿಡ್ತಾನೆ. ಮಾತಿಲ್ಲ ಕತೆಯಿಲ್ಲ. ನನ್ನ ಹಳೇ ರೇಡಿಯೋಲಿ ಗುರ್. ಆಮೇಲೆ ಇನ್ನೊಂದ್ಸಲ ಗುರ್."

ತಮ್ಮ ಆಂಬುಲೆನ್ಸ್ ಓಡಿಸುತ್ತಿದ್ದ. ಅಕ್ಕನ ಜೊತೆ ಮಾತಿಗೆ ಮಾತು ಬೆಳೆದು, ಅವಳಿರುವ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಹೋದವನು ಒಂದು ಫೋನೂ ಮಾಡಿರಲಿಲ್ಲ.

"ಅವನೇ ಅಂತ ಹೇಗೆ ಹೇಳ್ತೀಯಮ್ಮ? ಎಷ್ಟೋ ಗಾಡಿ ಓಡಾಡ್ತವೆ."

"ಬಾಗಿಲು ತಟ್ಟೋದೂ ಎರಡೇ ಸಲ ಅಲ್ವೇನೆ ಅವನು."

ಮಗಳು ಕೈತೊಳೆದು ಸ್ಕ್ರೂಡ್ರೈವರ್ ತಂದಳು. ಅಲೆ ಒಳಗೆ ನುಗ್ಗದಂತೆ ತಂತಿಗಳಿಗೆ ತೊಡಿಸಿದ್ದ ಕರೀ ಬಳೆಗಳನ್ನು, ತಗಡಿನ ಮುಸುಕನ್ನು ಒಂದೊಂದಾಗಿ ಕಳಚಿ ಮೇಜಿನ ಮೇಲಿಟ್ಟಳು.

"ಮತ್ತೆ ನಿನ್ನ ಮಿತಿ?" ಎಂದಳು ಅಮ್ಮ.

"ಅದು ಅಂಗಡೀಲಿ ಮಾರೋದಕ್ಕೆ."

ಮರುದಿನ ಅವಳು ರಜೆ ಹಾಕಿದಳು. ಮಧ್ಯಾಹ್ನ ರೇಡಿಯೋದಲ್ಲಿ ಯಾರೋ ಹವಾಮಾನ ಓದುತ್ತಿದ್ದರು. ಇಬ್ಬರ ಕಿವಿಗೂ ಅದು ಬೀಳುತ್ತಿರಲಿಲ್ಲ. ಓದುವವರ ದನಿಯನ್ನು ಅದುಮಿ, ಗುರ್ ಎಂದಿತು ರೇಡಿಯೋ.

ಇನ್ನೊಂದಕ್ಕಾಗಿ ಅಮ್ಮ ಉಸಿರು ಬಿಗಿಹಿಡಿದಳು. ಅಕ್ಕನ ಕೈ ಆಗಲೇ ಬಾಗಿಲ ಚಿಲಕದ ಮೇಲಿತ್ತು.