ಯಾರ ಕಣ್ಣು?

ಹಿತ್ತಲಲ್ಲಿ ಜೇನುಹುಳ ಕಚ್ಚಿ, ಪುಟ್ಟ ಪೊಮೆರೇನಿಯನ್ ನಾಯಿಯ ಮುಖ ಗುರುತೇ ಸಿಗದಂತೆ ಊದಿಕೊಂಡಿತ್ತು. ಉಸಿರಾಡಲು ಒದ್ದಾಡುತ್ತಿದ್ದ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಅಂಬುಜಮ್ಮ ಆಸ್ಪತ್ರೆಗೆ ಓಡಿದರು.

"ಪಕ್ಕದ ಮನೆಯವಳ ಕಣ್ಣೇ ಬಿದ್ದಿರೋದು ಡಾಕ್ಟ್ರೇ! ನಮ್ಮ ಚಿನ್ನಿನ ನೋಡಿ ಹೊಟ್ಟೆಕಿಚ್ಚಿಗೆ ಅಂಥದ್ದೇ ನಾಯಿ ತಂದವಳು ಅವಳು!"

"ಕಣ್ಣಲ್ಲಮ್ಮ, ಅಲರ್ಜಿ. ಇನ್ನೂ ಸ್ವಲ್ಪ ತಡವಾಗಿದ್ರೆ ಉಳೀತಿರಲಿಲ್ಲ," ಎನ್ನುತ್ತಾ ಡಾಕ್ಟರು ಇಂಜೆಕ್ಷನ್ ಚುಚ್ಚಿದರು.

ನಿಧಾನವಾಗಿ ಉಸಿರಾಟ ಹದಕ್ಕೆ ಬಂತು. ಅಂಬುಜಮ್ಮ ನಾಯಿಯನ್ನು ಎದೆಗವಚಿಕೊಂಡು, ಪಕ್ಕದ ಮನೆಯವಳಿಗೆ ಇನ್ನೊಂದಿಷ್ಟು ಶಾಪ ಹಾಕಿದರು. ಅಷ್ಟರಲ್ಲಿ ಗಂಡನ ಫೋನು ಬಂತು.

"ಎಲ್ಲಿದ್ದೀಯೇ? ಚಿನ್ನಿ ಇಲ್ಲಿ ಮಂಚದ ಕೆಳಗೆ ಗೊರಕೆ ಹೊಡೀತಿದೆ. ಪಕ್ಕದ ಮನೆಯವಳ ನಾಯಿ ಕಾಣಿಸ್ತಿಲ್ವಂತೆ. ಆಯಮ್ಮ ನಮ್ಮ ಬಾಗಿಲಲ್ಲಿ ನಿಂತು, ನಿನ್ನ ಕಣ್ಣೇ ಬಿದ್ದಿರೋದು ಅಂತ ಕೂಗಾಡ್ತಿದ್ದಾಳೆ!"