ಹೆಂಡ್ರಿಕ್ ಅಜ್ಜನ ಕೊನೆಯ ಹಸು

ಕೊಯ್ದ ಹುಲ್ಲಿನ ಹಸಿ ವಾಸನೆ ಬಂದರೆ ನಾನು ಈಗಲೂ ಕಿಟಕಿ ಮುಚ್ಚುತ್ತೇನೆ.

ತೊಂಬತ್ತರ ದಶಕದ ಕೊನೆ. ನಮಗೆ ಹಾಲು ಕೊಡುತ್ತಿದ್ದ ಹೆಂಡ್ರಿಕ್ ಅಜ್ಜ, ಸಮುದ್ರ ಬತ್ತಿಸಿ ಮಾಡಿದ ಆಲ್ಮೆರೆ ಎಂಬ ಡಚ್ ಊರಿನ ನೆಲಕ್ಕೆ ಮೊದಲು ಬಂದು ದನ ಕಟ್ಟಿದವರು. ಹೊಸ ಮನೆಗಳಿಗೆಂದು ಅವರ ಹುಲ್ಲುಗಾವಲು ಹೋಯಿತು. ಅದರಲ್ಲೊಂದು ಮನೆ ನಮ್ಮದು.

ಅಪ್ಪನ ಜೊತೆ ಜಾಗ ನೋಡಲು ಹೋದ ಮಧ್ಯಾಹ್ನ, ಅವರ ಮುದಿ ಹಸು ಕಸಾಯಿಖಾನೆಯ ಲಾರಿ ಹತ್ತಲು ಒಪ್ಪುತ್ತಿರಲಿಲ್ಲ. ಅಜ್ಜ ಅದರ ಒದ್ದೆ ಮೂತಿಗೆ ಕೆನ್ನೆಯೊತ್ತಿ ಏನೋ ಪಿಸುಗುಟ್ಟಿದರು. ಅದು ನಂಬಿ ಹತ್ತಿತು.

ಲಾರಿ ಹೋದ ಮೇಲೆ ಅಜ್ಜ ಅಪ್ಪನ ಕೈಯಲ್ಲಿದ್ದ ನಕ್ಷೆ ನೋಡಿದರು.

"ನಿನ್ನ ಕೋಣೆ ಯಾವುದು, ಮಗೂ?"

ನಾನು ಖುಷಿಯಿಂದ ಬೆರಳಿಟ್ಟು ತೋರಿಸಿದೆ.

"ಒಳ್ಳೆ ಜಾಗ. ಕರುಗಳೆಲ್ಲ ಹುಟ್ಟಿದ್ದು ಅಲ್ಲೇ," ಅಂದರು.

ಅಪ್ಪ ನಕ್ಷೆ ಮಡಚಿದ. "ನಡಿಯವ್ವಾ, ಹೊತ್ತಾತು."

ಆಗಿನ್ನೂ ಎರಡು ಗಂಟೆ.